ಅದೂ ಮಲಗಾಕೇ ಅಲ್ವೇನಕ್ಕಾ?

"ಬದುಕಿರೋರ ಅಳತೆ ತಗಂಡು ಇಂಥದ್ದು ಹೊಲಿಯಲ್ಲಕ್ಕಾ."

ಮಂಗಳವಾರ ಸಂಜೆ ಕೇಳಿದ ಮಾತು. ಹೇಳಿದವರು ಚೌಕಿಪೇಟೆ ಹತ್ತಿರದ ಸಂದಿಯಲ್ಲಿ ಕೂರುವ ನಮ್ಮ ಟೈಲರ್. ಮನೆಯ ಪರದೆ, ದಿಂಬಿನ ಕವರು, ನನ್ನ ಬ್ಲೌಸು ಎಲ್ಲ ಅವರದೇ ಕೈಯಲ್ಲಿ ಹೊಲಿದದ್ದು. ಇಷ್ಟು ವರ್ಷದಲ್ಲಿ ತಡ ಮಾಡಿದ್ದಾರೆ, ಸುಳ್ಳು ಹೇಳಿದ್ದಾರೆ, ಆದರೆ ಆಗಲ್ಲ ಅಂತ ಅಂದವರಲ್ಲ. ಅವರ ಮುಂದೆ ಐದು ಮೀಟರ್ ಬಿಳಿ ಮಲ್ ಬಟ್ಟೆ, ಅಂದರೆ ತೆಳು ಹತ್ತಿ ಬಟ್ಟೆ ಇತ್ತು. ಪಕ್ಕದಲ್ಲಿ ನಾನು ನೋಟ್‌ಬುಕ್ ಹಾಳೆಯಲ್ಲಿ ಬರೆದ ಚಿತ್ರ, ಸ್ಲೀಪಿಂಗ್ ಬ್ಯಾಗಿನೊಳಗೆ ಹಾಕಿಕೊಳ್ಳುವ ತೆಳು ಚೀಲದ್ದು. ಉದ್ದ ಏಳೂಕಾಲು ಅಡಿ, ಅಗಲ ಮೂರು ಅಡಿ. ಕಾಲಿನ ಕಡೆ ಹೊಲಿಗೆ, ತಲೆಯ ಕಡೆ ಬಾಯಿ. ಅವರು ಚಿತ್ರ ನೋಡಿದರು, ನನ್ನನ್ನು ನೋಡಿದರು, ಬಟ್ಟೆಯನ್ನು ಮಡಚಿ ನನ್ನ ಕಡೆಗೆ ತಳ್ಳಿದರು.

"ಇದು ಮಲಗೋಕೆ ಅಣ್ಣಾ" ಅಂದೆ.

"ಅದೂ ಮಲಗಾಕೇ ಅಲ್ವೇನಕ್ಕಾ?"

ನಾನು ವಿಜ್ಞಾನದ ಟೀಚರ್. ಎಂಟನೇ ಕ್ಲಾಸಿನ ಎಂಥೆಂಥ ಪ್ರಶ್ನೆಗೋ ನಿಂತಲ್ಲೇ ಉತ್ತರ ಕೊಟ್ಟವಳು. ಇದಕ್ಕೆ ಬಾಯಿ ಬರಲಿಲ್ಲ. ಬಟ್ಟೆ ಎತ್ತಿಕೊಂಡು ಮನೆಗೆ ಬಂದೆ.

ವಿಷಯ ಇಷ್ಟೇ. ಡಿಸೆಂಬರ್‌ನಲ್ಲಿ ಮಗಳ ಜೊತೆ ಉತ್ತರಾಖಂಡದ ಕೇದಾರಕಂಠಕ್ಕೆ ಹೋಗುವುದಿದೆ. ಸಾಂಕ್ರಿ ಅನ್ನೋ ಹಳ್ಳಿಯಿಂದ ನಡಿಗೆ ಶುರು, ತುದಿ ಸುಮಾರು 12,500 ಅಡಿ. ಟೆಂಟು, ಸ್ಲೀಪಿಂಗ್ ಬ್ಯಾಗು ಎಲ್ಲ ಕರೆದುಕೊಂಡು ಹೋಗುವವರೇ ಕೊಡುತ್ತಾರೆ. ನನ್ನ ತಕರಾರು ಇರುವುದೇ ಅಲ್ಲಿ. ಹಿಂದೊಮ್ಮೆ ಬೇರೆ ಬೆಟ್ಟದಲ್ಲಿ ಬೇರೆಯವರು ಕೊಟ್ಟ ಬಾಡಿಗೆ ಚೀಲದಲ್ಲಿ ಮಲಗಿದ್ದೆ. ಯಾರದೋ ಕೊಬ್ಬರಿ ಎಣ್ಣೆ, ಯಾರದೋ ಬೆವರು, ಅದರ ಮೇಲೆ ಇನ್ಯಾರದೋ ಮಂಡಿನೋವಿನ ಮುಲಾಮು. ಚಳಿಗೆ ಮುಖ ಒಳಗೆ ಎಳೆದುಕೊಳ್ಳಬೇಕು, ವಾಸನೆಗೆ ಹೊರಗೆ ಹಾಕಬೇಕು. ರಾತ್ರಿಯಿಡೀ ಇದೇ ಕೆಲಸ.

ಅವರನ್ನು ಬೈದು ಪ್ರಯೋಜನ ಇಲ್ಲ. ಈ ಚೀಲಗಳನ್ನು ಬೆಡ್‌ಶೀಟ್ ಥರ ಒಗೆಯಲು ಬರುವುದಿಲ್ಲ. ಒಳಗಿರುವ ಬಾತುಕೋಳಿಯ ತುಪ್ಪಳವಾಗಲಿ, ಪಾಲಿಯೆಸ್ಟರ್ ಎಳೆಯಾಗಲಿ, ಉಬ್ಬಿ ನಿಂತು ಗಾಳಿಯನ್ನು ಹಿಡಿದುಕೊಂಡರೆ ಮಾತ್ರ ಬೆಚ್ಚಗಿರುತ್ತದೆ. ಒರಟಾಗಿ ಒಗೆದರೆ ಗಂಟುಗಂಟಾಗುತ್ತದೆ. ತುಪ್ಪಳದ್ದಾದರೆ ಒಣಗುವುದು ಇನ್ನೊಂದು ಗೋಳು. ಒಗೆಯದೆ ಬಿಟ್ಟರೂ ಮೈಯ ಜಿಡ್ಡು ಸೇರಿ ಉಬ್ಬು ಇಳಿಯುತ್ತದೆ. ಅದಕ್ಕೇ ಲೈನರ್. ಚೀಲದೊಳಗೆ ಇನ್ನೊಂದು ತೆಳು ಚೀಲ. ನಾವು ಇದರೊಳಗೆ, ಇದು ಅದರೊಳಗೆ. ವಾಪಸ್ ಬಂದ ಮೇಲೆ ಇದನ್ನು ಮಾತ್ರ ಬಕೆಟ್‌ಗೆ ಹಾಕಿದರಾಯಿತು.

ಯಾವ ಬಟ್ಟೆಯದ್ದು ಅನ್ನುವುದೇ ಕಷ್ಟ. ಮಗಳು ಬೆಂಗಳೂರಿನಲ್ಲಿ ಆನ್‌ಲೈನ್‌ನಲ್ಲಿ ರೇಷ್ಮೆಯದ್ದು ತರಿಸಿಕೊಂಡಿದ್ದಾಳೆ. ಮುಷ್ಟಿಯೊಳಗೆ ಹಿಡಿಯುತ್ತದೆ, ಬೆಲೆ ಮಾತ್ರ ಮುಷ್ಟಿಗೆ ಸಿಗದ್ದು. ನಾನು ಲೆಕ್ಕ ಹಾಕಿದೆ. ಎರಡೂ ಮಗ್ಗುಲು ಸೇರಿ ಬೇಕಾಗುವುದು ಸುಮಾರು 4 ಚದರ ಮೀಟರ್ ಬಟ್ಟೆ. ತೆಳು ರೇಷ್ಮೆ ಚದರ ಮೀಟರಿಗೆ 35 ಗ್ರಾಂ ತೂಗುತ್ತದೆ. ಅಂದರೆ 140 ಗ್ರಾಂ. ಮಲ್ ಬಟ್ಟೆ 70 ಗ್ರಾಂ ಹಿಡಿದರೆ 280. ಪಾಪ್ಲಿನ್ 110ರ ಲೆಕ್ಕದಲ್ಲಿ 440. ಮನೆಯ ದಪ್ಪ ಬೆಡ್‌ಶೀಟನ್ನೇ ಹೊಲಿಸಿದರೆ ಅರ್ಧ ಕೆಜಿ ದಾಟುತ್ತದೆ. ಅಂಗಡಿಯವರು ಈ ಲೆಕ್ಕ ಹೇಳುವುದಿಲ್ಲ. ಒಂದು ಮೀಟರ್ ತಂದು ಅಡುಗೆಮನೆಯ ತಕ್ಕಡಿ ಮೇಲಿಟ್ಟು, ಪನ್ನ, ಅಂದರೆ ಬಟ್ಟೆಯ ಅಗಲ, ಅಳೆದು ಭಾಗಿಸಿದರೆ ಗೊತ್ತಾಗುತ್ತದೆ. ಒಂದೆರಡು ಅಂಗಡಿಯಲ್ಲಿ ನನ್ನನ್ನು ವಿಚಿತ್ರವಾಗಿ ನೋಡಿದರು. ನೋಡಲಿ.

ನಮ್ಮ ಮನೆಯವರ ಸಲಹೆಯೂ ಬಂತು. "ನಿನ್ನ ಮೊಳಕಾಲ್ಮೂರು ಸೀರೆ ಬೀರುವಲ್ಲಿ ಸುಮ್ನೆ ಕೂತಿದೆ, ಅದನ್ನೇ ಹೊಲಿಸು, ರೇಷ್ಮೆ ತಾನೇ?" ಅಂದರು. ಜರಿ ಅಂಚು, ಸೆರಗು ಸೇರಿ ಆ ಸೀರೆ ಪಾಪ್ಲಿನ್ ಚೀಲಕ್ಕಿಂತ ಭಾರ. ರಾತ್ರಿ ಹೊರಳಿದಾಗಲೆಲ್ಲ ಜರಿ ಗೀರುತ್ತದೆ. ಮೇಲಾಗಿ ಅದು ಸೀರೆ. ಈ ಗಂಡಸರಿಗೆ ಬೀರುವಿನಲ್ಲಿರುವುದೆಲ್ಲ ಸುಮ್ನೆ ಕೂತಿರುವ ಹಾಗೇ ಕಾಣುತ್ತದೆ.

ಉಣ್ಣೆಯ ಥರ ಮೆತ್ತಗಿರುವ ಫ್ಲೀಸ್ ಬಟ್ಟೆಯ ಲೈನರ್ ಬೆಚ್ಚಗಿರುತ್ತದೆ, ಆದರೆ ಭಾರ, ಬ್ಯಾಗಿನಲ್ಲಿ ಜಾಗವನ್ನೂ ತಿನ್ನುತ್ತದೆ. ಪಾಲಿಯೆಸ್ಟರ್ ಅಗ್ಗ, ಬೇಗ ಒಣಗುತ್ತದೆ, ನನ್ನ ಮೈಗೆ ಮಾತ್ರ ಆಗಿ ಬರಲ್ಲ. ಹತ್ತಿಯ ಮೇಲಿರುವ ದೂರು ನಿಜವಾದದ್ದೇ. ಒದ್ದೆಯಾದರೆ ಬೇಗ ಒಣಗುವುದಿಲ್ಲ, ಚಳಿಯಲ್ಲಿ ಒದ್ದೆ ಹತ್ತಿ ಮೈಯ ಬಿಸಿಯನ್ನು ಕೀಳುತ್ತದೆ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ದಾವಣಗೆರೆಯವಳಾಗಿ ಹತ್ತಿಯ ಬಗ್ಗೆ ಹೀಗೆ ಬರೆಯಲು ಸ್ವಲ್ಪ ಸಂಕಟವೇ. ಆದರೂ ನಾನು ಆರಿಸಿದ್ದು ಮಲ್. ಬೆವರಿದ ಬಟ್ಟೆ ಬದಲಿಸಿ, ಒಣ ಕಾಲುಚೀಲ ಹಾಕಿಕೊಂಡು ಒಳಗೆ ಹೋದರೆ ಲೈನರ್ ಒದ್ದೆಯಾಗುವ ಪ್ರಶ್ನೆ ಬಹಳ ಬರುವುದಿಲ್ಲ. ಬೆಚ್ಚಗಿಡುವ ಕೆಲಸವನ್ನು ಅದಕ್ಕೆ ನಾನು ವಹಿಸಿಯೂ ಇಲ್ಲ. ರೈಲಿಗೆ, ಡೆಹ್ರಾಡೂನ್‌ನ ಡಾರ್ಮಿಟರಿಗೆ, ಆಮೇಲೆ ನಮ್ಮ ಜೋಗಿಮಟ್ಟಿ, ಕೊಂಡಜ್ಜಿ ಕಡೆಯ ಶಾಲೆ ಕ್ಯಾಂಪಿಗೂ ಅದೇ ಆಗುತ್ತದೆ.

ಬೆಚ್ಚಗಿನ ಮಾತು ಬಂದದ್ದಕ್ಕೆ ಒಂದು ವಿಷಯ. ಲೈನರ್ ಪೊಟ್ಟಣದ ಮೇಲೆ 8 ಡಿಗ್ರಿ ಜಾಸ್ತಿ ಬೆಚ್ಚಗೆ, 15 ಡಿಗ್ರಿ ಜಾಸ್ತಿ ಬೆಚ್ಚಗೆ ಅಂತೆಲ್ಲ ಬರೆದಿರುತ್ತಾರೆ. ಸ್ಲೀಪಿಂಗ್ ಬ್ಯಾಗಿಗಾದರೆ ಐಎಸ್‌ಒ 23537 ಅನ್ನುವ ಅಂತರರಾಷ್ಟ್ರೀಯ ಪರೀಕ್ಷೆ ಇದೆ. ಬಿಸಿ ಮಾಡಿದ ಆಳುದ್ದದ ಗೊಂಬೆಯನ್ನು ಚೀಲದೊಳಗೆ ಮಲಗಿಸಿ ಅಳೆಯುತ್ತಾರೆ. ನಮ್ಮ ಟೈಲರ್ ಅದಕ್ಕೂ ಹೊಲಿದುಕೊಡುವುದು ಅನುಮಾನ. ಲೈನರ್ ಮೇಲಿನ ಅಂಕಿ ಹಾಗಲ್ಲ, ಅದು ಕಂಪನಿ ತಾನೇ ಹೇಳಿಕೊಂಡದ್ದು. ತೆಳು ರೇಷ್ಮೆಯಿಂದ ಒಂದೆರಡು ಡಿಗ್ರಿ ಸಿಕ್ಕರೆ ದೊಡ್ಡದು. ಅದಕ್ಕಿಂತ ಕೆಳಗಿನ ಮ್ಯಾಟ್ ಕಡೆ ಗಮನ ಕೊಡುವುದು ಒಳ್ಳೆಯದು. ನಾವು ಮಲಗಿದಾಗ ಬೆನ್ನಿನಡಿಯ ತುಪ್ಪಳ ಒತ್ತಿ ಚಪ್ಪಟೆಯಾಗುತ್ತದೆ, ಅಲ್ಲಿ ಗಾಳಿಯೇ ಇರುವುದಿಲ್ಲ. ಚಳಿ ನೆಲದಿಂದಲೇ ಏರುತ್ತದೆ.

ಮೂರಡಿ ಅಗಲ ಯಾಕೆ ಅಂದರೆ ನಾನು ಮಂಡಿ ಮಡಚಿ ಮಲಗುವವಳು. ಕಾಲ ಕಡೆ ಸಪೂರವಾಗುವ ಮಾದರಿ ಇನ್ನೂ ಹಗುರ, ಆದರೆ ಅದರಲ್ಲಿ ಹೊರಳಿದರೆ ಚೀಲವೂ ಜೊತೆಗೆ ಹೊರಳಿ ಕಾಲಿಗೆ ಸುತ್ತಿಕೊಳ್ಳುತ್ತದೆ.

ಬುಧವಾರ ಸ್ಟಾಫ್ ರೂಮಿನಲ್ಲಿ ಟೈಲರ್ ಕಥೆ ಹೇಳಿದೆ. ಎಲ್ಲರೂ ನಕ್ಕರು. ಸಮಾಜ ಪಾಠದ ಮೇಷ್ಟ್ರು ಮಾತ್ರ ಟೀ ಲೋಟ ಕೆಳಗಿಟ್ಟು, "ಅಲ್ಲ ಟೀಚರ್, ಇನ್ನೊಬ್ಬರು ಮಲಗಿದ್ದು ಮುಟ್ಟಲ್ಲ ಅನ್ನೋದಕ್ಕೆ ನಮ್ಮಜ್ಜಿ ಮಡಿ ಅಂತಿದ್ರು. ನೀವು ಲೈನರ್ ಅಂತೀರಿ, ಅಷ್ಟೇ ಅಲ್ವಾ?" ಅಂದರು. ಈ ಮನುಷ್ಯನಿಗೆ ಯಾವ ಮಾತಿನಲ್ಲೂ ಒಂದು ಮುಳ್ಳು ಸಿಗಲೇಬೇಕು. ಸ್ವಂತ ಟೀ ಲೋಟಕ್ಕೆ ಬಣ್ಣದಲ್ಲಿ ಹೆಸರು ಬರೆಸಿ ಇಟ್ಟುಕೊಂಡಿರುವವರೂ ಇವರೇ. ಅದನ್ನು ಹೇಳಿಯೂಬಿಟ್ಟೆ. ಅವರು ನಕ್ಕರು. ಮುಳ್ಳು ಮಾತ್ರ ನನ್ನಲ್ಲೇ ಉಳಿಯಿತು.

ಯಾಕೆಂದರೆ ಚಿಕ್ಕವಳಿದ್ದಾಗ ನಾನು ಹೀಗಿರಲಿಲ್ಲ. ತರಳಬಾಳು ಹುಣ್ಣಿಮೆಗೆ ಹೋದರೆ ರಾತ್ರಿ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ನಿದ್ದೆ ಎಳೆಯುತ್ತಿತ್ತು. ಪೆಂಡಾಲಿನ ಜಮಖಾನದ ಮೇಲೆ ಯಾವ ಊರಿನವರ ಪಕ್ಕದಲ್ಲೋ ಬಿದ್ದುಕೊಳ್ಳುತ್ತಿದ್ದೆವು. ಗೊತ್ತಿಲ್ಲದ ಅಜ್ಜಿಯೊಬ್ಬರು ತಮ್ಮ ಸೆರಗನ್ನೇ ನನ್ನ ಮೇಲೆ ಎಳೆದದ್ದು ನೆನಪಿದೆ. ಅದರಲ್ಲೂ ಎಲೆಅಡಿಕೆ ವಾಸನೆ ಇತ್ತು. ಆಗ ಅದು ವಾಸನೆ ಅಂತ ಅನ್ನಿಸಲೇ ಇಲ್ಲ. ಈಗ ಅನ್ನಿಸುತ್ತದೆ. ಕೈಯಲ್ಲಿ ದುಡ್ಡು ಬಂದಂತೆ ಮೂಗು ಚುರುಕಾಗುತ್ತಾ ಹೋಯಿತೋ ಏನೋ.

ಆದರೂ ಮೇಷ್ಟ್ರ ಮಾತನ್ನು ಪೂರ್ತಿ ಒಪ್ಪಲಾರೆ. ಮಡಿಯಲ್ಲಿ ಯಾರು ಮಲಗಿದ್ದರು ಅನ್ನುವುದು ಮುಖ್ಯ, ಇದರಲ್ಲಿ ಒಗೆದಿದ್ದಾರೋ ಇಲ್ಲವೋ ಅನ್ನುವುದು. 2024ರಲ್ಲಿ ಲೋಕಸಭೆಯಲ್ಲಿ ರೈಲ್ವೆ ಸಚಿವರೇ ಹೇಳಿದ್ದರು, ಎಸಿ ಬೋಗಿಯ ಕಂಬಳಿಗಳನ್ನು ತಿಂಗಳಿಗೆ ಒಮ್ಮೆಯಾದರೂ ಒಗೆಯುತ್ತಾರಂತೆ. ಕಂಬಳಿಯ ಒಳಗೆ ಹಾಕಿಕೊಳ್ಳಲಿ ಅಂತಲೇ ಇನ್ನೊಂದು ಶೀಟ್ ಕೊಡುತ್ತಾರೆ. ಅದೂ ಲೈನರೇ. ಅಲ್ಲಿ ಯಾರೂ ಅದನ್ನು ಮಡಿ ಅನ್ನಲಿಲ್ಲ. ಇನ್ನೊಂದು ಮಾತು, ಲೈನರ್ ಎರಡೂ ಕಡೆ ಕೆಲಸ ಮಾಡುತ್ತದೆ. ನನ್ನ ಎಣ್ಣೆ, ನನ್ನ ಮುಲಾಮು ಮುಂದಿನವರ ಮೂಗಿಗೆ ಹೋಗದ ಹಾಗೂ ನೋಡಿಕೊಳ್ಳುತ್ತದೆ. ಇದು ಮೇಷ್ಟ್ರ ಮುಂದೆ ಹೊಳೆಯಬಾರದಾ? ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕುವಾಗ ಹೊಳೆಯಿತು.

ಟೈಲರ್ ಅಣ್ಣನ ಭಯದಲ್ಲಿ ಈ ಯಾವ ವಾಸನೆಯೂ ಇರಲಿಲ್ಲ. ಯಾರು ಮಲಗಿದ್ದರು ಅಂತ ಅವರು ಕೇಳಲೇ ಇಲ್ಲ. ನಾನು ಮಲಗಿ ಏಳುತ್ತೇನಾ ಅನ್ನುವುದೊಂದೇ ಅವರ ಚಿಂತೆ. ನನ್ನ ಎತ್ತರದ ಬಿಳಿ ಬಟ್ಟೆಗೆ ಕಾಲ ಕಡೆಯಿಂದ ಹೊಲಿಗೆ ಹಾಕಿದ ಕೈ ತಮ್ಮದಾಗಬಾರದು, ಅಷ್ಟೇ. ಮೂಢನಂಬಿಕೆ ಅಂತ ಕ್ಲಾಸಿನಲ್ಲಿ ಪಾಠ ಮಾಡುವ ನಾನು ಆ ರಾತ್ರಿ ಬಟ್ಟೆಯನ್ನು ಮಂಚದ ಮೇಲೆ ಹಾಸಿ, ಪಕ್ಕದಲ್ಲಿ ನಿಂತು ನೋಡಿದೆ. ಅದರ ಮೇಲೆ ಮಲಗಿ ಅಳತೆ ನೋಡಬೇಕಿತ್ತು. ಮಲಗಲಿಲ್ಲ. "ಅದೂ ಮಲಗಾಕೇ ಅಲ್ವೇನಕ್ಕಾ?" ಕಿವಿಯಲ್ಲೇ ಇತ್ತು. ಮಡಚಿ ಬೀರುವಿನಲ್ಲಿಟ್ಟೆ.

ಚಳ್ಳಕೆರೆ ಕಡೆಯ ಕುರಿ ಕಾಯುವವರನ್ನು ನೋಡಿ. ಹೊಲದಲ್ಲಿ ಮಂದೆ ಹಾಕಿ ಬಯಲಲ್ಲೇ ಮಲಗುತ್ತಾರೆ. ಒಂದು ಕರಿ ಕಂಬಳಿ, ಅದೇ ಹಾಸಿಗೆ, ಅದೇ ಹೊದಿಕೆ. ಮಳೆ ಬಂದರೆ ಅದನ್ನೇ ಕೊಪ್ಪೆ ಮಾಡಿ ತಲೆಗೆ ಹಾಕಿಕೊಳ್ಳುತ್ತಾರೆ. ಗ್ರಾಂ ಲೆಕ್ಕ ಅವರಿಗೆ ಬೇಕಿಲ್ಲ. ನಾಲ್ಕು ದಿನದ ನಡಿಗೆಗೆ ನಾನು ತಕ್ಕಡಿ ಹಿಡಿದು ಕೂತಿದ್ದೇನೆ. ಅವರಂತೆ ಇರಬೇಕು ಅಂತ ಹೇಳುತ್ತಿಲ್ಲ. ಅಷ್ಟು ಭಾರದ ಕಂಬಳಿ ಹೊತ್ತು ನಾನು ಆ ಬೆಟ್ಟದ ಅರ್ಧವೂ ಹತ್ತಲಾರೆ.

ಗುರುವಾರ ಮತ್ತೆ ಚೌಕಿಪೇಟೆಗೆ ಹೋದೆ. ಬೇರೆ ಟೈಲರ್ ಹುಡುಕಬಹುದಿತ್ತು, ಮನಸ್ಸು ಬರಲಿಲ್ಲ. ಅಣ್ಣ ನನ್ನನ್ನು ನೋಡಿದ ಕೂಡಲೇ, "ಸಿಟ್ಟಾದ್ರೇನಕ್ಕಾ?" ಅಂದರು. ಇಲ್ಲ ಅಂದೆ. ಒಂದು ಸ್ಟೂಲ್ ಎಳೆದು ಕೂರಿಸಿದರು. ತಾವೂ ಎರಡು ದಿನ ಯೋಚನೆ ಮಾಡಿದ್ದರಂತೆ. ಕೊನೆಗೆ ಎರಡು ಷರತ್ತು ಹಾಕಿದರು. ಒಂದು, ಬಿಳಿ ಬೇಡ, ಹೂವಿನ ಪ್ರಿಂಟ್ ಇರೋ ಬಟ್ಟೆ ತರಬೇಕು. ಎರಡನೆಯದು, ಅದಕ್ಕೊಂದು ಜೇಬು.

"ಜೇಬು ಯಾಕಣ್ಣಾ? ಭಾರ ಆಗುತ್ತೆ."

"ಆ ಬಟ್ಟೆಗೆ ಯಾರಾದ್ರೂ ಜೇಬು ಇಡ್ತಾರೇನಕ್ಕಾ? ಜೇಬು ಇದ್ರೆ ಇದು ಬದುಕಿರೋರ್ದು ಅಂತ ಲೆಕ್ಕ."

ವಾದ ಮಾಡಲಿಲ್ಲ. ನಿಜ ಹೇಳಬೇಕಂದರೆ ಜೇಬು ಬೇಕೂ ಇತ್ತು, ನನಗೆ ತೋಚಿರಲಿಲ್ಲ ಅಷ್ಟೇ. ಕೊರೆಯುವ ಚಳಿಯಲ್ಲಿ ಫೋನಿನ ಬ್ಯಾಟರಿ ಬೇಗ ಇಳಿಯುತ್ತದೆ. ರಾತ್ರಿ ಅದನ್ನು ಚೀಲದೊಳಗೆ ಮೈಯ ಬಿಸಿಯಲ್ಲಿ ಇಟ್ಟುಕೊಂಡು ಮಲಗಬೇಕು. ಎದೆಯ ಮಟ್ಟದಲ್ಲಿ ಇಡಿ ಅಂತ ಗುರುತು ಹಾಕಿಕೊಟ್ಟೆ. ಅಂಚನ್ನು ಒಳಗೆ ಮಡಚಿ ಎರಡು ಸಲ ಹೊಲಿಯಿರಿ, ತೆಳು ಬಟ್ಟೆ ಮೊದಲು ಹರಿಯುವುದೇ ಹೊಲಿಗೆಯಲ್ಲಿ ಅಂದೆ. ಅದನ್ನು ನನಗೆ ಹೇಳಿಕೊಡ್ತೀಯಾ ಅನ್ನುವ ಹಾಗೆ ನೋಡಿದರು.

ನಿನ್ನೆ ಸಂಜೆ ಕೈಗೆ ಬಂತು. ನೀಲಿ ಹೂವಿನ ಮಲ್, ಮಡಚಿದರೆ ಊಟದ ಡಬ್ಬಿಯಷ್ಟು. ತಕ್ಕಡಿಯಲ್ಲಿ 310 ಗ್ರಾಂ. ಮಗಳ ರೇಷ್ಮೆಗಿಂತ ಒಂದು ಲೋಟ ನೀರಿನಷ್ಟು ಜಾಸ್ತಿ. ಆ ಬಿಳಿ ಬಟ್ಟೆಯಲ್ಲಿ ದಿಂಬಿನ ಕವರು ಹೊಲಿಯಲು ಹೇಳಿ ಬಂದಿದ್ದೇನೆ, ಅದಕ್ಕೆ ಅವರ ತಕರಾರಿಲ್ಲ. ಚೀಲದ ಹೊಲಿಗೆಗೆ 150 ರೂಪಾಯಿ ತೆಗೆದುಕೊಂಡರು. ಜೇಬಿಗೆ ಬೇರೆ 20.