ಎಲ್ಲಾ ಜನವರಿ 1

ಮ್ಯೂಸಿಯಂ ಒಂದಕ್ಕೆ ಮನೆಯಲ್ಲೇ ಕೂತು ಹಳೇ ಚೀಟಿ ಟೈಪ್ ಮಾಡಿಕೊಡುವ ಕೆಲಸ ಸ್ವಲ್ಪ ದಿನ ಮಾಡಿದ್ದೆ. ಚಿಪ್ಪಿನ ಫೋಟೋ ಕಳಿಸುತ್ತಾರೆ, ಪಕ್ಕದಲ್ಲೇ ಅದರ ಚೀಟಿ. ಹೆಸರು, ಜಾಗ, ತಾರೀಖು, ಹಿಡಿದವರು ಯಾರು, ಇಷ್ಟು ತುಂಬಿಸಬೇಕು.

ಅವತ್ತು ಬಂದಿದ್ದು ಹವಾಯಿಯ ಓಅಹು ದ್ವೀಪದ ಮರದ ಬಸವನಹುಳು, ಅಕಾಟಿನೆಲ್ಲಾ ಅಪೆಕ್ಸ್‌ಫುಲ್ವಾ. ಹೆಬ್ಬೆರಳ ಉಗುರಿನಷ್ಟಿದೆ, ತುದಿ ಹಳದಿ. ಅಷ್ಟು ಚಿಕ್ಕ ಚಿಪ್ಪಿನ ಮೇಲೂ ಯಾರೋ ಕಪ್ಪು ಇಂಕಿನಲ್ಲಿ ನಂಬರ್ ಬರೆದಿದ್ದರು. 3 ಇದ್ದದ್ದು 8 ಅಂತ ಕಂಡು, ಝೂಮ್ ಮಾಡಿ ಮಾಡಿ ಕಣ್ಣು ಉರಿ ಬಂತು. ವಿಜ್ಞಾನಿಗಳಿಗೆ ಈ ಜಾತಿ ಗೊತ್ತಾಗಿದ್ದೇ 1780ರ ದಶಕದಲ್ಲಿ, ಬ್ರಿಟಿಷ್ ಹಡಗಿನ ಕ್ಯಾಪ್ಟನ್ ಡಿಕ್ಸನ್‌ಗೆ ಸಿಕ್ಕ ಹಾರದಲ್ಲಿ ಪೋಣಿಸಿದ್ದ ಚಿಪ್ಪಿನಿಂದ.

ಚೀಟಿಯಲ್ಲಿ ಬರೀ ವರ್ಷ ಇತ್ತು. ಶೀಟ್‌ನಲ್ಲಿ ಮಾತ್ರ ಜನವರಿ 1. ಮೇಲಿನದೂ ಜನವರಿ 1, ಕೆಳಗಿನದೂ ಅದೇ. ಎಲ್ಲರೂ ಹೊಸ ವರ್ಷದ ದಿನವೇ ಕಾಡಿಗೆ ಹೋಗಿದ್ದರಾ? ದಿನ, ತಿಂಗಳು ಇಲ್ಲದಿದ್ದರೆ ಸಾಫ್ಟ್‌ವೇರ್ ತಾನೇ ಜನವರಿ 1 ಹಾಕಿಬಿಡುತ್ತದೆ, ಅಷ್ಟೇ. ಒಂದೊಂದಾಗಿ ಅಳಿಸುತ್ತಾ ಬಂದೆ. ಕೈಗೆ ರೂಢಿಯಾಗಿತ್ತು. ಷರಾ ಕಾಲಂನಲ್ಲಿ ಇದ್ದ 2019ರ ಜನವರಿ 1ನ್ನೂ ಅಳಿಸಿದೆ.

ಸಂಜೆ ಮೇಲ್ ಬಂತು: ‘ಅದು ಸರಿಯಾಗಿಯೇ ಇದೆ, ವಾಪಸ್ ಹಾಕಿ.’

ಅದು ಈ ಜಾತಿಯ ಕೊನೆಯ ಹುಳು ಜಾರ್ಜ್ ಸತ್ತ ದಿನ. 1997ರಲ್ಲಿ ಉಳಿದಿದ್ದ ಹತ್ತೇ ಹತ್ತು ಹುಳುಗಳನ್ನು ಹವಾಯಿ ವಿಶ್ವವಿದ್ಯಾಲಯದ ಲ್ಯಾಬ್‌ಗೆ ತಂದಿದ್ದರು. ಅವುಗಳ ಮರಿಗಳಲ್ಲಿ ಕೊನೆಗೆ ಉಳಿದದ್ದು ಜಾರ್ಜ್ ಒಂದೇ. ಸುಮಾರು 14 ವರ್ಷ ಬದುಕಿತ್ತು.

ಆಫ್ರಿಕನ್ ಬಸವನಹುಳು ತಿನ್ನಲಿ ಅಂತ 1955ರಲ್ಲಿ ಬೇರೆ ಬಸವನಹುಳುಗಳನ್ನೇ ತಿನ್ನುವ ಫ್ಲೋರಿಡಾದ ಬೇಟೆಗಾರ ಬಸವನಹುಳುವನ್ನು ಹವಾಯಿಗೆ ತಂದರು. ಅದು ಆ ದಪ್ಪನೆಯದನ್ನು ಬಿಟ್ಟು ಈ ಬಡಪಾಯಿಗಳ ಬೆನ್ನು ಹತ್ತಿತು. ಇಲಿಗಳ ಕಾಟ ಬೇರೆ. ಚಿಪ್ಪಿನ ಹುಚ್ಚು ಹಿಡಿದ ಸಂಗ್ರಾಹಕರೂ ಕಡಿಮೆಯೇನಲ್ಲ. ನಾನು ಟೈಪ್ ಮಾಡುತ್ತಿದ್ದ ಡ್ರಾಯರ್‌ಗಳು ಸುಮ್ನೆ ತುಂಬಿದ್ದಲ್ಲ ಅಲ್ವಾ? ಆ ಆಫ್ರಿಕನ್ ಹುಳು 1847ರಲ್ಲೇ ಕಲ್ಕತ್ತಾಕ್ಕೆ ಬಂದಿತ್ತು. ಈಗ ಮಳೆಗಾಲದಲ್ಲಿ ನಮ್ಮ ಪಪ್ಪಾಯ ಗಿಡದಲ್ಲೂ ಇರುತ್ತದೆ. ಬೆಳಗ್ಗೆ ಬಕೆಟ್ ಹಿಡಿದು ಆರಿಸುವುದೇ ಕೆಲಸ.

ತಾರೀಖು ವಾಪಸ್ ಹಾಕಿದೆ. ಮುಂದಿನ ವಾರ ಪೆಸಿಫಿಕ್‌ನ ರಾಯಾಟಿಯಾ ದ್ವೀಪದ ಇನ್ನೊಂದು ಮರದ ಬಸವನಹುಳು, ಪಾರ್ಟುಲಾ ಟರ್ಜಿಡಾ ಬಂತು. ಕೊನೆಯದು ಸತ್ತಿದ್ದು ಲಂಡನ್ ಮೃಗಾಲಯದಲ್ಲಿ, 1996ರ ಜನವರಿಯಲ್ಲಿ. ಜನವರಿ ಅಂತ ಕಂಡದ್ದೇ, ಬೆರಳು ಆಗಲೇ ಡಿಲೀಟ್ ಮೇಲಿತ್ತು. ಬೆರಳು ತೆಗೆದೆ. ಮೊದಲು ಮೇಲ್ ಬರೆದು ಕೇಳಿದೆ.

ಅದೂ ಸರಿಯಾಗಿಯೇ ಇತ್ತು.