ಹತ್ತು ಕಿಲೋ ಇಳಿದ ಮೇಲೆ ಇಳಕಲ್ಲಿಗೆ

ಅಡುಗೆಮನೆಯ ಶೆಲ್ಫಿನಲ್ಲಿ ಒಂದು ಹಳೇ ಹಾರ್ಲಿಕ್ಸ್ ಡಬ್ಬಿ ಇಟ್ಟಿದ್ದೆ. ತೂಕ ಒಂದು ಕಿಲೋ ಇಳಿದರೆ ಅದರೊಳಗೆ 500 ರೂಪಾಯಿ. ಏರಿದರೆ 500 ತೆಗೆದು ಮನೆ ಖರ್ಚಿಗೆ ವಾಪಸ್. ಹೋದ ವರ್ಷ ನವೆಂಬರಿನಲ್ಲಿ ಶುರು ಮಾಡಿದಾಗ ನಾನು 84 ಕಿಲೋ ಇದ್ದೆ. ಯುಗಾದಿ ಆದ ಮೇಲೆ ಒಂದು ಸಲ, ನಾದಿನಿ ಮಗಳ ಮದುವೆ ಆದ ಮೇಲೆ ಇನ್ನೊಂದು ಸಲ ಡಬ್ಬಿಯಿಂದ ದುಡ್ಡು ತೆಗೆಯಬೇಕಾಯಿತು, ಎರಡು ಸಲವೂ ತುಂಬಾ ಬೇಜಾರಾಗಿತ್ತು. ಈ ಡಿಸೆಂಬರಿನ ಮೊದಲ ಭಾನುವಾರ ಬೆಳಿಗ್ಗೆ ಮುಳ್ಳು 74ಕ್ಕೆ ನಿಂತಿತು. ಇಳಿದು, ಮತ್ತೆ ಹತ್ತಿ ನೋಡಿದೆ. 74. ಡಬ್ಬಿಯಲ್ಲಿ 5,000 ರೂಪಾಯಿ ಇತ್ತು.

ಆ ದುಡ್ಡಿಗೆ ಏನು ಅಂತ ಮೊದಲ ದಿನವೇ ಗೊತ್ತಿತ್ತು. ಇಳಕಲ್ಲಿಗೆ ಹೋಗಿ ಒಂದು ಕಪ್ಪು ಚಂದ್ರಕಾಳಿ ಸೀರೆ ತರಬೇಕು, ಅದರ ಮೇಲೆ ಕಸೂತಿ ಹಾಕಬೇಕು.

ಕಸೂತಿ ಕಲಿಸಿದ್ದು ನಮ್ಮ ಮೇಲಿನ ಮನೆಯ ಕಾಕೂ. ಧಾರವಾಡದವರು, ಎಪ್ಪತ್ತು ದಾಟಿದೆ, ಇಲ್ಲಿ ಬೆಂಗಳೂರಿನಲ್ಲಿ ಮಗನ ಜೊತೆ ಇದ್ದಾರೆ. ನಾನು ಮೈಸೂರು ಕಡೆಯವಳು, ನಮ್ಮಲ್ಲಿ ಯಾರಿಗೂ ಇದು ಬರಲ್ಲ. ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಅಂತ ನಾಲ್ಕು ಹೊಲಿಗೆ. ಬಟ್ಟೆ ಮೇಲೆ ಪೆನ್ಸಿಲಿನಿಂದ ಬರೆದುಕೊಳ್ಳುವ ಹಾಗಿಲ್ಲ, ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕಬೇಕು. ಗಂಟು ಹಾಕುವ ಹಾಗೂ ಇಲ್ಲ. ಗವಂತಿಯಲ್ಲಿ ಒಂದು ಎಳೆ ಬಿಟ್ಟು ಒಂದು ಹೊಲಿಯುತ್ತಾ ಹೋಗಿ, ಬಿಟ್ಟ ಜಾಗವನ್ನೆಲ್ಲ ತುಂಬುತ್ತಾ ಶುರು ಮಾಡಿದ ಕಡೆಗೇ ವಾಪಸ್ ಬರಬೇಕು. ಹೋಗುವಾಗಲೇ ಬರುವ ದಾರಿ ಯೋಚಿಸಿರಬೇಕು, ಇಲ್ಲದಿದ್ದರೆ ಹೊಲಿಯುತ್ತಿರುವ ಗೋಪುರದ ಚಿತ್ರದ ತುದಿಯಲ್ಲಿ ದಾರ ಸಿಕ್ಕಿಬೀಳುತ್ತದೆ. "ಹಿಂದ ಯಾವುದು, ಮುಂದ ಯಾವುದು, ಗೊತ್ತಾಗಬಾರ್ದು ನೋಡು" ಅನ್ನುತ್ತಿದ್ದರು ಕಾಕೂ. ನಾನು ತೋರಿಸಿದ ಯಾವ ಕೆಲಸವನ್ನೂ ಅವರು ಮುಂಭಾಗದಿಂದ ನೋಡಿದ್ದಿಲ್ಲ. ಕೈಗೆ ಕೊಟ್ಟ ತಕ್ಷಣ ತಿರುಗಿಸುತ್ತಿದ್ದರು.

ತೂಕ ಇಳಿಸಲು ಡಾಕ್ಟರ್ ಹೇಳಿದ್ದು ಎಲ್ಲರಿಗೂ ಹೇಳುವಂಥದ್ದೇ. ನಡೆಯಿರಿ, ಸಕ್ಕರೆ ಬಿಡಿ, ಅನ್ನ ಕಡಿಮೆ ಮಾಡಿ. ಮೊದಲೂ ಒಂದು ಸಲ ಮೂರು ಕಿಲೋ ಇಳಿಸಿದ್ದೆ. ಆ ಖುಷಿಗೆ ಮನೆಯವರನ್ನೆಲ್ಲ ಹೋಟೆಲಿಗೆ ಕರೆದುಕೊಂಡು ಹೋಗಿ ಬೆಣ್ಣೆ ದೋಸೆ, ಜಾಮೂನು ಎಲ್ಲ ಆಯಿತು, ಅಲ್ಲಿಂದ ಬಾಯಿಗೆ ಹಿಡಿತ ತಪ್ಪಿ ಒಂದೇ ತಿಂಗಳಲ್ಲಿ ಮೂರೂ ಕಿಲೋ ವಾಪಸ್ ಬಂತು. ಆಮೇಲೆ ಯೋಚಿಸಿದೆ. ಖುಷಿಯಾದಾಗ ನಾಲಿಗೆಗೇ ಯಾಕೆ ಕೊಡಬೇಕು, ಈ ಸಲ ಬೆರಳಿಗೆ ಕೊಡೋಣ ಅಂತ. ನನಗೆ ಕಷ್ಟದ ಹೊತ್ತು ಸಂಜೆ ಐದರಿಂದ ಏಳು, ಚಕ್ಕುಲಿ ಡಬ್ಬಿ, ಖಾರ ಮಂಡಕ್ಕಿ ಎಲ್ಲ ಕರೆಯುವ ಹೊತ್ತು. ಆಗ ಸೂಜಿ ಹಿಡಿದು ಕೂತರೆ ಎಣ್ಣೆ ತಿಂಡಿ ಮುಟ್ಟುವ ಹಾಗೇ ಇಲ್ಲ, ಬಟ್ಟೆ ಕಲೆಯಾಗುತ್ತದೆ. ಎಳೆ ಎಣಿಸುವಾಗ ಹಸಿವೂ ನೆನಪಾಗಲ್ಲ. ಹೀಗೆ ಹದಿಮೂರು ತಿಂಗಳಲ್ಲಿ ನಾಲ್ಕು ದಿಂಬಿನ ಕವರು, ಎರಡು ರವಿಕೆ, ಒಂದು ಟೇಬಲ್ ಬಟ್ಟೆ ಮುಗಿದವು.

ತಂಗಿಯನ್ನು ಜೊತೆಗೆ ಕರೆದುಕೊಂಡು ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆ. ಟಿಕೆಟ್ ಅವಳದೇ, "ಇದು ನನ್ನ ಕಡೆಯಿಂದ ಅಕ್ಕ" ಅಂದಳು. ಸಂಜೆ ಬೆಂಗಳೂರು ಬಿಟ್ಟು, ಹುಬ್ಬಳ್ಳಿ, ಗದಗ ನಿದ್ದೆಯಲ್ಲೇ ಕಳೆದು, ಬೆಳಕು ಹರಿಯುವ ಮುಂಚೆ ಬಾದಾಮಿ. ಚಳಿ ಚೆನ್ನಾಗಿತ್ತು. ಸ್ಟೇಷನ್ನಿನಿಂದ ಊರಿಗೆ ಐದು ಕಿಲೋಮೀಟರ್ ದೂರ, ಆಟೋ ಸಿಕ್ಕಿತು.

ಬಾದಾಮಿಗೆ ಆರು ವರ್ಷದ ಹಿಂದೆಯೂ ಬಂದಿದ್ದೆವು. ಆಗ ನಾನು ಒಂದನೇ ಗುಹೆಯ ಹದಿನೆಂಟು ಕೈಯ ನಟರಾಜನ ಹತ್ತಿರವೇ ಕೂತುಬಿಟ್ಟೆ. ಮೊಣಕಾಲು ನೋವು, ಏದುಸಿರು. ತಂಗಿ ಒಬ್ಬಳೇ ಮೇಲೆ ಹೋಗಿ ಫೋಟೋ ತೆಗೆದುಕೊಂಡು ಬಂದು ತೋರಿಸಿದ್ದಳು. ಈ ಸಲ ಮೆಟ್ಟಿಲಿನ ಮುಂದೆ ನಿಂತಾಗ ಎದೆ ಹೊಡೆದುಕೊಳ್ಳುತ್ತಿತ್ತು, ಆದರೆ ಹತ್ತಿದೆ. ಎರಡನೇ ಗುಹೆ ಹತ್ತಿರ ಒಂದು ಸಲ ನಿಂತು ನೀರು ಕುಡಿದಿದ್ದು ಬಿಟ್ಟರೆ ಎಲ್ಲೂ ಕೂರಲಿಲ್ಲ. ಮೂರನೇ ಗುಹೆ ದೊಡ್ಡದು, ಚಾಲುಕ್ಯರ ಮಂಗಲೇಶ 578ರಲ್ಲಿ ಮಾಡಿಸಿದ್ದು, ಶಾಸನವೇ ಇದೆ. ಅಲ್ಲಿ ಆದಿಶೇಷನ ಮೇಲೆ ಕೂತ ವಿಷ್ಣುವನ್ನು ಫೋಟೋದಲ್ಲಿ ಎಷ್ಟು ನೋಡಿದ್ದೆನೋ. ಎದುರು ನಿಂತಾಗ ಕಣ್ಣು ತುಂಬಿ ಬಂತು. ನಾಲ್ಕನೇದು ಜೈನ ಗುಹೆ, ಅಲ್ಲಿಗೂ ಹೋದೆ. ಮೇಲಿಂದ ಅಗಸ್ತ್ಯ ತೀರ್ಥದ ಹಸಿರು ನೀರು, ಆಚೆ ದಡದಲ್ಲಿ ಭೂತನಾಥನ ಗುಡಿ. ಕಾಕೂ ಹೇಳಿಕೊಟ್ಟ ಗೋಪುರದ ಹೊಲಿಗೆ ನೆನಪಾಯಿತು, ಮೆಟ್ಟಿಲು ಮೆಟ್ಟಿಲಾಗಿ ಸಣ್ಣದಾಗುತ್ತಾ ಹೋಗುವ ಮುರ್ಗಿ. ಆ ಹೊಲಿಗೆಯಲ್ಲೂ ಸೂಜಿ ಮೆಟ್ಟಿಲು ಹತ್ತಿದ ಹಾಗೇ ಹೋಗುತ್ತದೆ.

ಮಧ್ಯಾಹ್ನ ಬನಶಂಕರಿ. ದರ್ಶನ ಆದ ಮೇಲೆ ಗುಡಿ ಹೊರಗೆ ಊಟ. ಬುಟ್ಟಿ ಇಟ್ಟುಕೊಂಡು ರೊಟ್ಟಿ ಮಾರುವ ಹೆಂಗಸರು ಅಲ್ಲಿ ಸಾಲಾಗಿ ಕೂತಿರುತ್ತಾರೆ. ಕಟಕ್ ಅನ್ನುವ ಜೋಳದ ರೊಟ್ಟಿ, ಕಾಳು ಪಲ್ಯ, ಬದನೆಕಾಯಿ, ಕೆಂಪು ಚಟ್ನಿ, ಗಟ್ಟಿ ಮೊಸರು. ತೂಕ ಇಳಿಸುತ್ತಿರುವವರಿಗೆ ಪ್ರವಾಸದಲ್ಲಿ ಊಟವೇ ಭಯ, ಆದರೆ ಈ ಸೀಮೆಯಲ್ಲಿ ಆ ಭಯ ಇಲ್ಲ. ಎರಡು ರೊಟ್ಟಿಗೆ ಹೊಟ್ಟೆ ತುಂಬಿತು, ಸಂಜೆವರೆಗೂ ಏನೂ ಬೇಕು ಅನ್ನಿಸಲಿಲ್ಲ. ರುಚಿಯಂತೂ, ನಾನು ಈ ವರ್ಷ ಉಂಡ ಊಟದಲ್ಲೆಲ್ಲ ಅದೇ ಮೇಲು.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಗುಳೇದಗುಡ್ಡ. ಚಂದ್ರಕಾಳಿಗೆ ಖಣದ ಕುಪ್ಪಸವೇ ಆಗಬೇಕು, ಖಣಕ್ಕೆ ಗುಳೇದಗುಡ್ಡವೇ. ಒಂದು ಕೆಂಪು ಖಣ ತಗೊಂಡೆ, 350 ರೂಪಾಯಿ. ಅಂಗಡಿಯವರು ಅದನ್ನು ಉಡಿ ತುಂಬುವಾಗ ಮಡಚುವ ಹಾಗೆ ತ್ರಿಕೋನವಾಗಿ ಮಡಚಿ ಕೈಗೆ ಕೊಟ್ಟರು. ಅಲ್ಲಿಂದ ಅಮೀನಗಡ. ಎರಡೂ ಕಡೆ ಎರೆ ಹೊಲ, ಹಿಂಗಾರಿ ಜೋಳ ಎದೆಯೆತ್ತರ ನಿಂತಿತ್ತು, ನಡುನಡುವೆ ಕಡಲೆ.

ಅಮೀನಗಡ ಅಂದರೆ ಕರದಂಟು. ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ, ಉತ್ತತ್ತಿ. ಅಂಗಡಿ ಮುಂದೆ ಬಸ್ಸು ನಿಂತಾಗ ಬೆಲ್ಲದ ವಾಸನೆ ಕಿಟಕಿಯೊಳಗೇ ಬಂತು. ಇಳಿದು ಒಂದೇ ಒಂದು ತುಂಡು ತಗೊಂಡು ಇಬ್ಬರೂ ಹಂಚಿಕೊಂಡು ನಿಧಾನವಾಗಿ ತಿಂದೆವು. ಕಾಕೂಗೆ ಅರ್ಧ ಕಿಲೋ ಕಟ್ಟಿಸಿದೆ. ಪೊಟ್ಟಣ ತಂಗಿಯ ಚೀಲಕ್ಕೆ ಹೋಯಿತು, ಅದು ನಾನೇ ಕೇಳಿಕೊಂಡಿದ್ದು. ಹುನಗುಂದದಲ್ಲಿ ಬಸ್ಸು ಬದಲಾಯಿಸಿ ಇಳಕಲ್ ಮುಟ್ಟಿದಾಗ ಹನ್ನೆರಡು ಗಂಟೆ.

ಊರಿನೊಳಗೆ ಹೋಗುತ್ತಿದ್ದಂತೆ ಮಗ್ಗದ ಸದ್ದು ಶುರುವಾಗುತ್ತದೆ. ಜಾಸ್ತಿ ಪವರ್‌ಲೂಮ್, ಎಡೆಬಿಡದೆ ಬಡಿಯುವ ಸದ್ದು. ಕೈಮಗ್ಗದ ಸದ್ದು ಬೇರೆ, ನಡುವೆ ಉಸಿರು ತೆಗೆದುಕೊಂಡ ಹಾಗಿರುತ್ತದೆ. ಕಾಕೂಗೆ ಗೊತ್ತಿದ್ದ ಒಂದು ನೇಕಾರರ ಮನೆ ಹುಡುಕಿಕೊಂಡು ಹೋದೆವು. ಬಾಗಿಲಲ್ಲೇ ಆ ಮನೆಯ ಹೆಂಗಸು, "ಬರ್ರಿ ಅಕ್ಕಾರ, ಒಳಗ ಬರ್ರಿ, ಕೂಡ್ರಿ" ಅಂದರು. ಚಹಾ ಇಡಲು ಎದ್ದವರಿಗೆ ಸಕ್ಕರೆ ಬೇಡ ಅಂದೆ.

"ಯಾಕ್ರೀ, ಸಕ್ರಿ ಬ್ಯಾನಿ ಐತೇನ್ರಿ?"

ಇಲ್ಲ, ತೂಕ ಇಳಿಸುತ್ತಿದ್ದೇನೆ, ಹತ್ತು ಕಿಲೋ ಇಳಿದಿದ್ದಕ್ಕೇ ಈ ಸೀರೆ ಅಂತ ಡಬ್ಬಿಯ ಕಥೆಯನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, "ಹಂಗಾದ್ರ ದುಡುದು ತಗೊಂಡ ಸೀರಿ ಬಿಡ್ರಿ" ಅಂದರು. ಆ ಮಾತು ತುಂಬಾ ಹಿಡಿಸಿತು.

ಅವರ ಗಂಡ ನೆಲದಲ್ಲಿ ಕುಣಿ ತೋಡಿ ಕೂರಿಸಿದ ಮಗ್ಗದಲ್ಲಿ ಕೂತಿದ್ದರು, ಕಾಲು ಕುಣಿಯೊಳಗೆ, ಕೈಯಲ್ಲಿ ಲಾಳಿ. ಪಕ್ಕದಲ್ಲಿ ಅವರ ಸೊಸೆ ಕೊಂಡಿ ಹಾಕುತ್ತಿದ್ದರು. ಇದನ್ನು ನೋಡಲೆಂದೇ ನಾನು ಅಂಗಡಿ ಬಿಟ್ಟು ಮನೆಗೆ ಬಂದಿದ್ದು. ಇಳಕಲ್ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಹಾಗಾಗಿ ಎರಡಕ್ಕೂ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳು, ಬೇರೆ ಬೇರೆ. ಒಡಲಿನ ಹಾಸಿನ ಎಳೆಗಳ ಕೊನೆಯಲ್ಲಿ ಸಣ್ಣ ಕುಣಿಕೆ, ಸೆರಗಿನ ಹಾಸಿನ ಎಳೆಗಳಿಗೂ ಕುಣಿಕೆ, ಒಂದರೊಳಗೊಂದು ಸೇರಿಸಬೇಕು, ಅದೇ ಕೊಂಡಿ. ಒಂದಲ್ಲ ಹತ್ತಲ್ಲ, ಸಾವಿರಾರು ಎಳೆ. ಹೀಗೆ ಸೇರಿಸಿದ ಒಂದು ಹಾಸಿನಲ್ಲಿ ಒಂದೇ ಸೀರೆ, ಇನ್ನೊಂದಕ್ಕೆ ಮತ್ತೆ ಮೊದಲಿನಿಂದ. ಆ ಹುಡುಗಿ ನಮ್ಮ ಜೊತೆ ಮಾತಾಡುತ್ತಲೇ ಎಳೆ ತಪ್ಪದೆ ಕೊಂಡಿ ಹಾಕುತ್ತಿದ್ದಳು. ನಾನು ಒಂದು ಗೋಪುರಕ್ಕೆ ನೂರು ಎಳೆ ಎಣಿಸಿದರೆ ತಲೆ ಎತ್ತಿ ಕಣ್ಣು ಮುಚ್ಚಿಕೊಳ್ಳುವವಳು. ಅವಳ ಪಕ್ಕ ಕೂತು ಮುಕ್ಕಾಲು ಗಂಟೆ ನೋಡಿದೆ.

ಸೆರಗಿನದು ಟೋಪಿ ತೆನೆ. ಕೆಂಪಿನ ಮೂರು ಪಟ್ಟಿ, ನಡುವೆ ಬಿಳಿಯ ಎರಡು. ಅಂಚಿನಲ್ಲಿ ಚಿಕ್ಕಿ ಪರಾಸು, ಗೋಮಿ, ಗಾಯತ್ರಿ ಅಂತ ಬೇರೆ ಬೇರೆ. ನಾನು ಕೇಳಿದ್ದು ಕಪ್ಪು ಒಡಲು, ಕೆಂಪು ಅಂಚು, ಚಿಕ್ಕಿ ಪರಾಸು. ಅಂಥ ಎರಡು ಸೀರೆ ಇದ್ದವು. ಇಂಥದ್ದೊಂದಕ್ಕೆ ಮನೆಯವರೆಲ್ಲ ಕೈ ಹಾಕಿದರೂ ನಾಲ್ಕೈದು ದಿನ ಹಿಡಿಯುತ್ತದಂತೆ. 4,200 ರೂಪಾಯಿ ಹೇಳಿದರು. ಚೌಕಾಸಿ ಮಾಡಲಿಲ್ಲ, ಮಾಡಲೂ ಬಾರದು ಅಂತ ನನ್ನ ಅಭಿಪ್ರಾಯ. ಇದೇ ಬಣ್ಣದ್ದು ಬೆಂಗಳೂರಿನಲ್ಲಿ 900ಕ್ಕೆ ಸಿಗುತ್ತದೆ, ಒಂದು ಅಂಗಡಿಯಲ್ಲಿ ಕೈಮಗ್ಗ, ಕೈಕಸೂತಿ ಅಂತ ಹೇಳಿ ನನಗೇ ಒಂದು ಕೊಟ್ಟಿದ್ದರು. ಮನೆಗೆ ತಂದು ತಿರುಗಿಸಿದರೆ ಹಿಂದೆಲ್ಲ ಮಿಷನ್ ದಾರದ ಗಂಟು, ಸೆರಗಿಗೆ ಕೊಂಡಿಯೂ ಇಲ್ಲ. ಈ ಸೀರೆಯಲ್ಲಿ ಒಡಲು ಮುಗಿದು ಸೆರಗು ಶುರುವಾಗುವ ಕಡೆ ಬೆರಳಾಡಿಸಿದರೆ ಕೊಂಡಿ ಸಣ್ಣಗೆ ತಾಗುತ್ತದೆ. ಅಲ್ಲಿ ಕೈ ಇಟ್ಟುಕೊಂಡು ಸುಮ್ನೆ ಕೂತಿದ್ದೆ.

"ಉಟ್ಟು ನೋಡ್ರಿ" ಅಂದರು. ಚೂಡಿದಾರದ ಮೇಲೇ ಸುತ್ತಿಕೊಂಡೆ. ಸೀರೆಗೆ ಅಳತೆ ಇಲ್ಲ, ಯಾರಿಗಾದರೂ ಆಗುತ್ತದೆ ಅಂತಾರೆ, ಆದರೆ ನೆರಿಗೆಗೆ ಎಲ್ಲ ಗೊತ್ತಿರುತ್ತದೆ. ಆರು ಗಜದ ಸೀರೆಯಲ್ಲಿ ನನಗೆ ಐದು ನೆರಿಗೆ ಸಿಗುತ್ತಿತ್ತು, ಎಷ್ಟು ಎಳೆದರೂ ಐದೇ. ಬೆರಳಲ್ಲಿ ಹಿಡಿಯುತ್ತಾ ಹೋದೆ. ಐದು ಆಯಿತು, ಬಟ್ಟೆ ಇನ್ನೂ ಇತ್ತು. ಆರು. ತಂಗಿಯೂ ಎಣಿಸಿದಳು. ತಕ್ಕಡಿ 74 ತೋರಿಸಿದ ದಿನಕ್ಕಿಂತ ಆ ಆರನೇ ನೆರಿಗೆ ಕೈಗೆ ಬಂದಾಗ ಆದ ಖುಷಿ ದೊಡ್ಡದು.

ಸಂಜೆ ವಿಜಯ ಮಹಾಂತೇಶ ಮಠಕ್ಕೆ ಹೋದೆವು. ಇಲ್ಲಿಯ ಡಾ. ಮಹಾಂತ ಸ್ವಾಮಿಗಳು ಊರೂರು ತಿರುಗಿ ಜೋಳಿಗೆ ಹಿಡಿದು, ನಿಮ್ಮ ದುಶ್ಚಟ ಇದಕ್ಕೆ ಹಾಕಿ ಅಂತ ಬೇಡುತ್ತಿದ್ದರು. ದುಡ್ಡಲ್ಲ, ಕಾಳಲ್ಲ, ಕುಡಿತ, ಬೀಡಿ, ಗುಟ್ಕಾ. ಮಹಾಂತ ಜೋಳಿಗೆ ಅಂತಲೇ ಹೆಸರಾಯಿತು. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು, ಅವರು ಹುಟ್ಟಿದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ. ಗದ್ದುಗೆ ಮುಂದೆ ಕಣ್ಣು ಮುಚ್ಚಿ ನಿಂತೆ. ರಾತ್ರಿ ಊಟ ಆದ ಮೇಲೆ ಫ್ರಿಜ್ ತೆಗೆದು ಏನಾದರೂ ಸಿಹಿ ಹುಡುಕುವ ಚಟ ನನಗೆ ಇನ್ನೂ ಪೂರ್ತಿ ಹೋಗಿಲ್ಲ. ಮನಸ್ಸಿನಲ್ಲೇ ಅದನ್ನು ಜೋಳಿಗೆಗೆ ಹಾಕಿದೆ.

ರಾತ್ರಿ ಲಾಡ್ಜಿನಲ್ಲಿ ಲೈಟಿನ ಕೆಳಗೆ ಸೀರೆ ಹರಡಿಕೊಂಡೆ. ತಂಗಿ ಮಲಗಿದ್ದಳು. ಬೆಂಗಳೂರಿನಿಂದ ತಂದಿದ್ದ ಕಿತ್ತಳೆ ಬಣ್ಣದ ದಾರ, ಕಾಕೂ ಕೊಟ್ಟ ಅವರ ಹಳೇ ಸೂಜಿ. ಕಪ್ಪು ಬಟ್ಟೆಯಲ್ಲಿ ಎಳೆ ಕಾಣುವುದು ಕಷ್ಟ, ಹಿಂದೆ ಬಿಳಿ ದಿಂಬಿನ ಕವರು ಇಟ್ಟುಕೊಂಡರೆ ಸ್ವಲ್ಪ ಕಾಣುತ್ತದೆ. ಸೆರಗಿನ ಹತ್ತಿರ, ಕೊಂಡಿಯಿಂದ ನಾಲ್ಕು ಬೆರಳು ಬಿಟ್ಟು, ಒಂದು ಪುಟ್ಟ ತುಳಸಿಕಟ್ಟೆ ಶುರು ಮಾಡಿದೆ. ಎರಡು ಸಲ ಎಣಿಕೆ ತಪ್ಪಿತು, ಬಿಚ್ಚಿದೆ. ಮೂರನೇ ಸಲ ಗವಂತಿ ಹೋಗಿ, ವಾಪಸ್ ಬಂದು, ಶುರುವಾದ ತೂತಿಗೇ ಸರಿಯಾಗಿ ಬಂದು ಕೂತಿತು.

ಹತ್ತು ಗಂಟೆ ಆಗಿತ್ತು, ಆದರೂ ತಡೆಯಲಾಗದೆ ಕಾಕೂಗೆ ವಿಡಿಯೋ ಕಾಲ್ ಮಾಡಿದೆ. ಎದ್ದೇ ಇದ್ದರು. ಕನ್ನಡಕ ಹಾಕಿಕೊಂಡು ಬಂದು ಸೀರೆ ನೋಡಿದರು, ಅಂಚು ನೋಡಿದರು, ಟೋಪಿ ತೆನೆ ನೋಡಿದರು, ಒಂದು ಸಲ "ಛಲೋ ಐತಿ" ಅಂದರು. ಫೋನನ್ನು ತುಳಸಿಕಟ್ಟೆಯ ಹತ್ತಿರ ತಂದೆ.

"ಹೊಳ್ಳಿಸಿ ಹಿಂದಿನ ಮಗ್ಗಲ ತೋರ್ಸು" ಅಂದರು.

ಸೆರಗು ತಿರುಗಿಸಿದೆ.