ಗೆಳೆಯ ಮನೆಯಲ್ಲಿ ಕೂತಿರುವಾಗ ಓವರ್‌ಟೈಮ್ ಹಾರಬೇಕಾ?

2008ರ ಕೊನೆಯಲ್ಲಿ ಒಂದು ಸಂಜೆ ಗೆಳೆಯ ಫೋನ್ ಮಾಡಿದ. "ಈ ತಿಂಗಳು ಎಷ್ಟು ಗಂಟೆ ಹಾರಿದೆ?" ಅಂತ ಕೇಳಿದ. ನಾನು 92 ಅಂದೆ. "ಹೌದಾ" ಅಂದ. ಆಮೇಲೆ ಮಕ್ಕಳ ಸ್ಕೂಲಿನ ಬಗ್ಗೆ ಏನೋ ಮಾತಾಡಿ ಫೋನ್ ಇಟ್ಟ.

ನಾವಿಬ್ಬರೂ ಆಗ ಅಮೆರಿಕದ ಒಂದೇ ಏರ್‌ಲೈನ್‌ನಲ್ಲಿ ಫಸ್ಟ್ ಆಫೀಸರ್‌ಗಳು, ಅಂದರೆ ಕ್ಯಾಪ್ಟನ್ ಪಕ್ಕ ಬಲಗಡೆ ಸೀಟಿನಲ್ಲಿ ಕೂರುವ ಸಹ ಪೈಲಟ್‌ಗಳು. ಅವನು ನನಗಿಂತ ಎರಡು ವಾರ ತಡವಾಗಿ ಸೇರಿದವನು, ಅಷ್ಟೇ ವ್ಯತ್ಯಾಸ. ಇಲ್ಲಿ ಎಲ್ಲವೂ ಸೀನಿಯಾರಿಟಿ ನಂಬರಿನ ಮೇಲೆ ನಡೆಯುತ್ತದೆ. ಯಾವ ವಿಮಾನ, ಯಾವ ಊರು, ಯಾವ ರಜೆ, ಎಲ್ಲವೂ. ಕೆಲಸದಿಂದ ತೆಗೆಯುವಾಗಲೂ ಪಟ್ಟಿಯ ಕೆಳಗಿನಿಂದ ಎಣಿಸುತ್ತಾ ಬರುತ್ತಾರೆ. ಗೆರೆ ನಮ್ಮಿಬ್ಬರ ನಡುವೆ ಬಿತ್ತು. ಅವನಿಗೆ ಫರ್ಲೋ ಪತ್ರ ಬಂತು, ನನಗೆ ಬರಲಿಲ್ಲ. ಫರ್ಲೋ ಅಂದರೆ ಪೂರ್ತಿ ವಜಾ ಅಲ್ಲ, ಕಂಪನಿಗೆ ಮತ್ತೆ ಜನ ಬೇಕಾದಾಗ ಅದೇ ಕ್ರಮದಲ್ಲಿ ವಾಪಸ್ ಕರೆಯಬೇಕು. ಆದರೆ ಆ ಕರೆ ಯಾವಾಗ ಬರುತ್ತದೆ ಅಂತ ಯಾರೂ ಹೇಳುವುದಿಲ್ಲ, ಅಲ್ಲಿಯವರೆಗೆ ಸಂಬಳವೂ ಇಲ್ಲ.

ಅದೇ ತಿಂಗಳು ನನಗೆ ಶೆಡ್ಯೂಲಿಂಗ್‌ನವರಿಂದ ಫೋನ್ ಮೇಲೆ ಫೋನ್. ಒಂದು ಟ್ರಿಪ್ ಖಾಲಿ ಇದೆ, ಒಂದೂವರೆ ಪಟ್ಟು ಕೊಡ್ತೀವಿ, ಬರ್ತೀರಾ? ನಾನು ಹೋದೆ. ಒಂದಲ್ಲ, ಮೂರು ಸಲ. ಮನೆ ಸಾಲ ಇತ್ತು, ಮುಂದಿನ ಪತ್ರ ನನಗೇ ಬರಬಹುದು ಅನ್ನುವ ಭಯವೂ ಇತ್ತು. ಕಾರಣಗಳು ನಿಜವಾದವೇ. ಆದರೂ ಆ "ಹೌದಾ" ಇವತ್ತಿಗೂ ಕಿವಿಯಲ್ಲಿದೆ.

ಜನರನ್ನು ಮನೆಗೆ ಕಳಿಸಿದ ತಿಂಗಳಲ್ಲೇ ಓವರ್‌ಟೈಮ್ ಯಾಕೆ ಬೇಕಾಗುತ್ತದೆ ಅಂತ ಹೊರಗಿನವರು ಕೇಳುತ್ತಾರೆ. ಪಟ್ಟಿಯ ಕೆಳಗಿನವರನ್ನು ತೆಗೆದರೆ ಅವರ ಸೀಟು ಖಾಲಿಯಾಗುತ್ತದೆ, ಅಲ್ಲಿಗೆ ಮೇಲಿನವರು ಇಳಿಯಬೇಕು. ಕ್ಯಾಪ್ಟನ್ ಆಗಿದ್ದವರು ಮತ್ತೆ ಬಲಗಡೆ ಸೀಟಿಗೆ ಬರುತ್ತಾರೆ, ದೊಡ್ಡ ವಿಮಾನದವರು ಚಿಕ್ಕದಕ್ಕೆ ಬರುತ್ತಾರೆ. ದೊಡ್ಡ ಬೋಯಿಂಗ್ 777 ಹಾರಿಸುವವರು ನಾಳೆ ಬೆಳಿಗ್ಗೆ ಚಿಕ್ಕ 737ರಲ್ಲಿ ಕೂರುವ ಹಾಗಿಲ್ಲ, ಅದಕ್ಕೆ ವಾರಗಟ್ಟಲೆ ಟ್ರೇನಿಂಗ್ ಬೇಕು. ಆ ಟ್ರೇನಿಂಗ್ ಮುಗಿಯುವ ತನಕ ಅವರು ಯಾವ ವಿಮಾನವನ್ನೂ ಹಾರಿಸುವುದಿಲ್ಲ. ಹಾಗಾಗಿ ಲೆಕ್ಕದಲ್ಲಿ ಜನ ಜಾಸ್ತಿ, ನಿಜವಾಗಿ ವಿಮಾನ ಹತ್ತಲು ಜನ ಇಲ್ಲ. ಆ ತೂತು ಮುಚ್ಚುವುದಕ್ಕೇ ನಮಗೆ ಫೋನ್ ಬರುತ್ತದೆ.

ಆಗ ನನ್ನ ಜೊತೆ ಹಾರುತ್ತಿದ್ದ ಒಬ್ಬ ಕ್ಯಾಪ್ಟನ್ ಜೊತೆ ಇದರ ಬಗ್ಗೆ ನಾಲ್ಕು ದಿನದ ಟ್ರಿಪ್ ಪೂರ್ತಿ ವಾದ ಮಾಡಿದ್ದೇನೆ. ಅವರ ಮಾತು ಇಷ್ಟು: "ನಾನು ಆ ಟ್ರಿಪ್ ಬಿಟ್ಟರೆ ನಿನ್ನ ಗೆಳೆಯನನ್ನು ವಾಪಸ್ ಕರೀತಾರಾ? ಇಲ್ಲ. ನೂರೈವತ್ತು ಜನ ಏರ್‌ಪೋರ್ಟಿನಲ್ಲಿ ರಾತ್ರಿ ಮಲಗ್ತಾರೆ, ಅಷ್ಟೇ ಆಗೋದು." ಒಂದು ಟ್ರಿಪ್ ಮಟ್ಟಿಗೆ ಅವರು ಹೇಳಿದ್ದು ಪೂರ್ತಿ ಸರಿ. ಆ ಸಲ ಕೆಲಸ ಹೋಗಿದ್ದಕ್ಕೆ ಬೇರೆ ದೊಡ್ಡ ಕಾರಣಗಳೂ ಇದ್ದವು. 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತ್ತು. 2007ರ ಡಿಸೆಂಬರ್‌ನಲ್ಲಿ ನಿವೃತ್ತಿ ವಯಸ್ಸನ್ನು 60ರಿಂದ 65ಕ್ಕೆ ಏರಿಸಿದ್ದರಿಂದ ಮೇಲಿನವರು ಐದು ವರ್ಷ ಜಾಸ್ತಿ ಉಳಿದರು, ಕೆಳಗಿನವರು ಇದ್ದಲ್ಲೇ ನಿಂತರು.

ಆದರೆ ಒಂದು ಟ್ರಿಪ್ ಲೆಕ್ಕ ಸಾಲದು ಅನ್ನುವುದು ನನ್ನ ವಾದ. 400 ಪೈಲಟ್‌ಗಳು ತಿಂಗಳಿಗೆ ಹತ್ತು ಹತ್ತು ಗಂಟೆ ಜಾಸ್ತಿ ಹಾರಿದರು ಅಂತ ಇಟ್ಟುಕೊಳ್ಳಿ. 4,000 ಗಂಟೆ. ಒಬ್ಬ ಪೈಲಟ್ ತಿಂಗಳಿಗೆ 80 ಗಂಟೆ ಹಾರುತ್ತಾನೆ ಅಂದರೆ ಅದು 50 ಜನರ ಕೆಲಸ. ಟ್ರೇನಿಂಗ್, ಯಾರು ಯಾವ ಊರಿನಿಂದ ಹಾರುತ್ತಾರೆ, ವಿಮಾನದ ಬಗೆ ಎಲ್ಲ ಸೇರಿಸಿದರೆ ಲೆಕ್ಕ ಇಷ್ಟು ನೇರವಾಗಿ ಬರುವುದಿಲ್ಲ, ಒಪ್ಪುತ್ತೇನೆ. ಆದರೆ ತಿಂಗಳು ತಿಂಗಳೂ ನಾವೇ ತೂತು ಮುಚ್ಚಿಕೊಟ್ಟರೆ, ಜನ ಸಾಲುತ್ತಿಲ್ಲ ಅನ್ನುವುದು ಆಫೀಸಿನ ಯಾವ ಕಾಗದದಲ್ಲೂ ಕಾಣುವುದೇ ಇಲ್ಲ. ವಾಪಸ್ ಕರೆಯುವ ದಿನ ಮುಂದೆ ಮುಂದೆ ಹೋಗುತ್ತದೆ.

ಕಾನೂನು ಅನುಮತಿ ಕೊಡುತ್ತಲ್ಲ ಅನ್ನುವವರೂ ಇದ್ದಾರೆ. ಈಗಿನ ನಿಯಮದಲ್ಲಿ, ಅಂದರೆ 2014ರ ಜನವರಿಯಿಂದ, 28 ದಿನಕ್ಕೆ 100 ಗಂಟೆ, 365 ದಿನಕ್ಕೆ 1,000 ಗಂಟೆ ಮೀರುವಂತಿಲ್ಲ. 2009ರ ಫೆಬ್ರವರಿಯಲ್ಲಿ ಬಫಲೋ ಹತ್ತಿರ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತ ಮೇಲೆ ಪೈಲಟ್‌ಗಳ ಆಯಾಸದ ಬಗ್ಗೆ ಎಲ್ಲರೂ ಗಂಭೀರವಾದರು, ಆಮೇಲೆ ಬಂದ ನಿಯಮ ಇದು. ಆ ಮಿತಿ ಮೈಗೆ ಎಷ್ಟು ತಡೆಯುತ್ತದೆ ಅಂತ ಹೇಳುತ್ತದೆ. ಪಕ್ಕದವನ ಸೀಟು ಖಾಲಿ ಇರುವಾಗ ನಾನು ಎಷ್ಟು ತೆಗೆದುಕೊಳ್ಳಬೇಕು ಅಂತ ಅದು ಹೇಳುವುದಿಲ್ಲ, ಅಲ್ವಾ?

ಹಾಗಾದರೆ ಎಲ್ಲರೂ ಸೇರಿ ಓವರ್‌ಟೈಮ್ ಬೇಡ ಅನ್ನಬಹುದಲ್ಲ? ಇಲ್ಲ, ಇಲ್ಲೇ ದೊಡ್ಡ ತೊಡಕು. ಅಮೆರಿಕದ ಏರ್‌ಲೈನ್‌ಗಳು ರೈಲ್ವೇ ಲೇಬರ್ ಆಕ್ಟ್ ಕೆಳಗೆ ಬರುತ್ತವೆ. 1926ರಲ್ಲಿ ರೈಲಿಗೆ ಅಂತ ಮಾಡಿದ ಕಾನೂನು, 1936ರಲ್ಲಿ ವಿಮಾನಕ್ಕೂ ಹಾಕಿದರು. ಒಬ್ಬ ಪೈಲಟ್ ತನ್ನ ಇಷ್ಟದಿಂದ ಬರಲ್ಲ ಅನ್ನಬಹುದು. ಕಂಪನಿ ಮೇಲೆ ಒತ್ತಡ ಹಾಕಲು ಎಲ್ಲರೂ ಮಾತಾಡಿಕೊಂಡು ಬರಲ್ಲ ಅಂದರೆ ಅದು ಕಾನೂನಿಗೆ ವಿರುದ್ಧ ಆಗಬಹುದು. 2001ರಲ್ಲಿ ಡೆಲ್ಟಾ ಏರ್‌ಲೈನ್ಸ್ ಪೈಲಟ್‌ಗಳ ಓವರ್‌ಟೈಮ್ ವಿಷಯದಲ್ಲಿ ಮೇಲಿನ ಕೋರ್ಟು ಕಂಪನಿಯ ಪರ ನಿಂತಿತು. 2008ರಲ್ಲಿ ಯುನೈಟೆಡ್ ಏರ್‌ಲೈನ್ಸ್‌ನಲ್ಲಿ ಇದೇ ವಿಷಯ ಇನ್ನೂ ಹತ್ತಿರದಿಂದ ಬಂತು. ಆ ಜೂನ್‌ನಲ್ಲಿ ಅವರು 100 ವಿಮಾನ ನಿಲ್ಲಿಸುತ್ತೇವೆ ಅಂದರು, ಪೈಲಟ್‌ಗಳ ಫರ್ಲೋ ಘೋಷಿಸಿದರು. ಹೆಚ್ಚುವರಿ ಟ್ರಿಪ್‌ಗಳಿಗೆ ಪೈಲಟ್‌ಗಳು ಬೇಡ ಅನ್ನತೊಡಗಿದರು. ಕಂಪನಿ ಕೋರ್ಟಿಗೆ ಹೋಯಿತು. ನವೆಂಬರ್‌ನಲ್ಲಿ ಪೈಲಟ್ ಯೂನಿಯನ್ ವಿರುದ್ಧ ತಡೆಯಾಜ್ಞೆ ಬಂತು, ಮರುವರ್ಷ ಮೇಲಿನ ಕೋರ್ಟೂ ಅದನ್ನು ಎತ್ತಿಹಿಡಿಯಿತು.

ಅಂದರೆ ಇದರ ಬಗ್ಗೆ ಜೋರಾಗಿ ಮಾತಾಡುವುದೇ ಕಷ್ಟ. ಕ್ರೂ ರೂಮಿನಲ್ಲಿ ಇಬ್ಬರ ನಡುವೆ ಮೆತ್ತಗೆ ನಡೆಯುವ ಮಾತಾಗಿ ಉಳಿಯುತ್ತದೆ. ಅಲ್ಲಿಂದ ಕೆಟ್ಟದ್ದೂ ಹುಟ್ಟುತ್ತದೆ. ಯಾರು ಟ್ರಿಪ್ ತಗೊಂಡರು ಅಂತ ಪಟ್ಟಿ ನೋಡುವುದು, ಹಾಗೆ ತಗೊಂಡವರ ಜೊತೆ ಮಾತು ಬಿಡುವುದು. ಅದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಹೆಂಡತಿಯ ಆಸ್ಪತ್ರೆ ಬಿಲ್ ಕಟ್ಟಲು ಹಾರಿದವರನ್ನು ನಾನು ನೋಡಿದ್ದೇನೆ. ಒಬ್ಬರ ಮನೆಯ ಒಳಗಿನ ಲೆಕ್ಕ ಕಾಕ್‌ಪಿಟ್‌ನಲ್ಲಿ ಪಕ್ಕ ಕೂತವರಿಗೆ ಗೊತ್ತಿರುವುದಿಲ್ಲ. ಅಲ್ಲದೆ ಹತ್ತು ಸಾವಿರ ಅಡಿಗಿಂತ ಕೆಳಗೆ ಇಳಿಯುವಾಗ ಪಕ್ಕದವರ ಜೊತೆ ಮಾತು ಬಿಟ್ಟು ಕೂರುವುದು ಯಾರಿಗೂ ಒಳ್ಳೆಯದಲ್ಲ.

ದಾರಿ ಇಲ್ಲವೇ ಇಲ್ಲ ಅಂತಲ್ಲ. 2020ರಲ್ಲಿ, ಕೋವಿಡ್ ಸಮಯದಲ್ಲಿ, ಅದು ಕಣ್ಣಿಗೆ ಕಂಡಿತು. ಏರ್‌ಲೈನ್‌ಗಳಿಗೆ ಸಂಬಳ ಕೊಡಲು ಸರ್ಕಾರ ಕೊಟ್ಟ ನೆರವು ಸೆಪ್ಟೆಂಬರ್ 30ಕ್ಕೆ ಮುಗಿಯುವುದಿತ್ತು, ಅಲ್ಲಿಯ ತನಕ ಯಾರನ್ನೂ ತೆಗೆಯುವಂತಿರಲಿಲ್ಲ. ಅದೇ ಯುನೈಟೆಡ್‌ನ ಪೈಲಟ್‌ಗಳು ಆ ಗಡುವಿಗೆ ಸ್ವಲ್ಪ ಮೊದಲು ಓಟು ಹಾಕಿ, ಎಲ್ಲರೂ ಕಡಿಮೆ ಗಂಟೆ ಹಂಚಿಕೊಂಡು ಹಾರುವ ಒಪ್ಪಂದಕ್ಕೆ ಒಪ್ಪಿದರು. ಮೇಲಿನವರ ಸಂಬಳ ಇಳಿಯಿತು, ಸುಮಾರು 2,850 ಪೈಲಟ್‌ಗಳ ಫರ್ಲೋ ತಪ್ಪಿತು. ಹನ್ನೆರಡು ವರ್ಷದ ಹಿಂದೆ ಕೋರ್ಟಿನಲ್ಲಿ ಸೋತ ಅದೇ ವಿಷಯವನ್ನು ಈ ಸಲ ಮೇಜಿನ ಎದುರು ಕೂತು ಬರೆಸಿಕೊಂಡರು. ಈ ಸುದ್ದಿ ಓದಿದ ದಿನ ನಾನು ಗೆಳೆಯನಿಗೆ ಫೋನ್ ಮಾಡಿದೆ. ಅವನು 2011ರಲ್ಲೇ ವಾಪಸ್ ಬಂದಿದ್ದ, ಈಗ ಕ್ಯಾಪ್ಟನ್. ಇಬ್ಬರೂ ತುಂಬಾ ಹೊತ್ತು ಮಾತಾಡಿದೆವು. ಆ 92 ಗಂಟೆಯ ವಿಷಯ ನಾನೇ ಎತ್ತಿದೆ. "ನೀನು ಸುಳ್ಳು ಹೇಳಲಿಲ್ಲ, ಅಷ್ಟು ಸಾಕಿತ್ತು" ಅಂದ.

ನಮ್ಮ ಮುಂದಿನ ಒಪ್ಪಂದಕ್ಕೆ ಏನು ಬೇಕು ಅಂತ ಯೂನಿಯನ್ ಕೇಳಿದಾಗ ನಾನು ಸಂಬಳದ ಬಗ್ಗೆ ಬರೆಯಲಿಲ್ಲ. ನಾನು ಬರೆದದ್ದು ಇಷ್ಟು: ಒಬ್ಬ ಪೈಲಟ್ ಫರ್ಲೋದಲ್ಲಿ ಇದ್ದರೂ ಸರಿ, ಅಷ್ಟು ದಿನ ನಮ್ಮಲ್ಲಿ ಯಾರಿಗೂ ತಿಂಗಳಿಗೆ 80 ಗಂಟೆಗಿಂತ ಜಾಸ್ತಿ ಕೊಡಬಾರದು, ಕೊಡಲೇಬೇಕಾದರೆ ಒಬ್ಬರನ್ನು ವಾಪಸ್ ಕರೆದು ಕೊಡಬೇಕು. ಅದರ ಕೆಳಗೆ ನಾವಿಬ್ಬರೂ ಸಹಿ ಹಾಕಿ ಕಳಿಸಿದೆವು.